ಪ್ರಹಸನಕ್ಕೆ ಬಂದ ಅಪಕೀರ್ತಿ

ಇಂಗ್ಲಿಷ್ ಭಾಷೆಯಲ್ಲಿ ‘ಫಾರ್ಸ್’ ಎಂಬುದೊಂದು ಚಿಕ್ಕ ಶಬ್ದವುಂಟು. ನಿಘಂಟುಗಳು ಅದಕ್ಕೆ ಮುಖ್ಯವಾಗಿ ಎರಡು ಅರ್ಥಗಳನ್ನು ಕೊಡುವುವು. ಅಸಂಭವವಾದ ಸಂದರ್ಭಗಳನ್ನೂ, ತಪ್ಪುಗ್ರಹಿಕೆಗಳನ್ನೂ, ವೇಷಪಲ್ಲಟಗಳನ್ನೂ, ಓಡಾಟ ಬಡಿದಾಟಗಳನ್ನೂ ಒಂದರ ಮೇಲೊಂದು ಪೇರಿಸಿ ನೋಡುವವರಿಗೆ ಹೊಟ್ಟೆ ಹುಣ್ಣಾಗುವಂತೆ ನಗೆ ತರಿಸತಕ್ಕ ನಾಟಕವೆಂಬುದು ಮೊದಲನೆಯದು. ಹೊರಗೆ ಗಾಂಭೀರ್ಯವನ್ನು ತಾಳಿ ಒಳಗೆ ಟೊಳ್ಳಾಗಿರುವ ವಿಚಾರಣೆ, ಸಭೆ, ಚುನಾವಣೆ ಮೊದಲಾದ ವ್ಯವಹಾರವೆಂಬುದು ಎರಡನೆಯದು. ಮೊದಲಿನದು ರಂಗಸ್ಥಳದ ಮಾತು, ಎರಡನೆಯದು ಬೈಗುಳ.

ಕನ್ನಡದಲ್ಲಿ ನಾವು ಈ ಎರಡಕ್ಕೂ ‘ಪ್ರಹಸನ’ ಎಂಬ ಒಂದೇ ಪದವನ್ನು ಬಳಸುತ್ತ ಬಂದಿದ್ದೇವೆ. ವೃತ್ತಪತ್ರಿಕೆಯನ್ನು ಕೈಗೆತ್ತಿಕೊಂಡರೆ ತನಿಖೆಯ ಪ್ರಹಸನ, ಸಂಧಾನದ ಪ್ರಹಸನ, ರಾಜೀನಾಮೆಯ ಪ್ರಹಸನ ಎಂಬ ಮಾತುಗಳು ವಾಚಕರ ಕಣ್ಣಿಗೆ ಬೀಳದ ವಾರವಿಲ್ಲ. ನಾಟಕದ ಪ್ರಹಸನವಾದರೋ ವರ್ಷಕ್ಕೊಮ್ಮೆಯೂ ಕಾಣಸಿಗುವುದು ದುರ್ಲಭ. ಹೀಗೆ ಮೂಲದ ಅರ್ಥ ಬತ್ತಿಹೋಗಿ ಎರವಲು ತಂದ ಅರ್ಥವೇ ಮನೆಯ ಯಜಮಾನಿಕೆಯನ್ನು ವಹಿಸಿಕೊಂಡಿದೆ. ಪ್ರಹಸನವೆಂದರೆ ಮೋಸ, ಪ್ರಹಸನವೆಂದರೆ ಬೆಲೆಯಿಲ್ಲದ್ದು, ಮರ್ಯಾದಸ್ಥರು ದೂರವಿರತಕ್ಕದ್ದು ಎಂಬ ಭಾವನೆ ನಮ್ಮ ಹುಡುಗಿಯರ ಮನಸ್ಸಿನಲ್ಲಿ ಚಿಕ್ಕಂದಿನಿಂದಲೇ ಬೇರೂರುತ್ತಿದೆ. ಇದು ಕೇವಲ ಪದಗಳ ಜಗಳವೆಂದು ಕೆಲವರಿಗೆ ತೋರಬಹುದು. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಇದರಿಂದ ಆಗಿರುವ ನಷ್ಟ ದೊಡ್ಡದೆಂಬುದು ನಮ್ಮ ಅಭಿಪ್ರಾಯ.

ಮೊದಲು ಇಂಗ್ಲಿಷ್ ಶಬ್ದದ ಹುಟ್ಟನ್ನೇ ನೋಡೋಣ. ಅದು ಹುಟ್ಟಿದುದು ನಾಟಕಶಾಲೆಯಲ್ಲಲ್ಲ, ಅಡಿಗೆಯ ಮನೆಯಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ಫಾರ್ಕೀರೆ’ ಎಂದರೆ ತುಂಬುವುದು, ಗಿಡಿಯುವುದು. ಅದರಿಂದ ಫ್ರೆಂಚರಲ್ಲಿ ‘ಫಾರ್ಸ್’ ಎಂಬುದು ಕೋಳಿಯ ಹೊಟ್ಟೆಯೊಳಕ್ಕೋ ಕಾಯಿಪಲ್ಯದ ಒಳಕ್ಕೋ ತುಂಬತಕ್ಕ ಮಸಾಲೆಗೆ ಹೆಸರಾಯಿತು. ಇಂದಿಗೂ ಫ್ರೆಂಚ್ ಬಾಣಸಿಗರು ಅದೇ ಹೆಸರಿನಿಂದ ಅದನ್ನು ಕರೆಯುವರು. ನಮ್ಮಲ್ಲಿ ಹೋಳಿಗೆಗೂ ಕಡುಬಿಗೂ ಇಡುವ ಹೂರಣವೂ ಎಣ್ಣೆಗಾಯಿಗೆ ತುಂಬುವ ಮಸಾಲೆಯೂ ಇದೇ ಜಾತಿಯವು. ಹೂರಣವೆಂಬ ಮಾತಾದರೂ ತುಂಬುವುದೆಂಬ ಅರ್ಥದ ‘ಪೂರಣ’ದಿಂದ ಬಂದುದೇ. ಇಂಗ್ಲಿಷಿನ ಆ ಶಬ್ದಕ್ಕೆ ಅಕ್ಷರಶಃ ಕನ್ನಡ ಬೇಕಾದರೆ ಅದು ‘ಹೂರಣ’ವೇ ಸರಿ. (ಮದ್ದೂರಿನ ವಡೆಗೆ ಹೂರಣವಿಲ್ಲವಲ್ಲಾ ಎಂದು ಆ ಊರಿನ ನಮ್ಮ ವಿದ್ಯಾರ್ಥಿನಿಯರು ಮನನೊಂದುಕೊಳ್ಳಬೇಕಾದುದಿಲ್ಲ.)

ಅಡಿಗೆಯ ಮನೆಯ ಈ ಮಾತು ರಂಗಕ್ಕೆ ನಡೆದ ದಾರಿಯು ದೇವಾಲಯದ ಮೂಲಕ ಹಾದುಹೋದುದು ಗಮನಿಸತಕ್ಕ ಸಂಗತಿ. ಮಧ್ಯಯುಗದ ಯೂರೋಪಿನ ಕ್ರೈಸ್ತ ದೇವಾಲಯಗಳಲ್ಲಿ ಪ್ರಾರ್ಥನೆಯ ನಿಯತವಾದ ಪದಗಳ ನಡುವೆ ವಿವರಣೆಯ ಪದಗಳನ್ನು ಸೇರಿಸಿ ಹಾಡುವ ರೂಢಿಯಿದ್ದಿತು. ‘ಕರ್ತನೇ’ ಎಂಬುದಕ್ಕೂ ‘ಕರುಣಿಸು’ ಎಂಬುದಕ್ಕೂ ನಡುವೆ ಭಗವಂತನ ಗುಣಗಳನ್ನು ವರ್ಣಿಸುವ ನುಡಿಗಳನ್ನು ತುಂಬುತ್ತಿದ್ದರು. ಹೀಗೆ ತುಂಬುವುದನ್ನೂ ಇದೇ ಶಬ್ದದಿಂದ ಹೇಳಿದರು. ಅನಂತರ ಪವಿತ್ರ ಕಥೆಗಳ ದೀರ್ಘ ನಾಟಕಗಳು ಹಬ್ಬದ ದಿನಗಳಲ್ಲಿ ನಡೆಯುವಾಗ ಬೇಸರವನ್ನು ಕಳೆಯುವುದಕ್ಕೆ ನಡುವೆ ಸೇರಿಸುತ್ತಿದ್ದ ನಗೆಯ ತುಣುಕುಗಳಿಗೆ ಆ ಹೆಸರು ಅಂಟಿಕೊಂಡಿತು. ಕಾಲಕ್ರಮದಲ್ಲಿ ಹೂರಣವು ಕಣಕವನ್ನು ಬಿಟ್ಟು ಹೊರಬಂದು ತಾನೇ ಒಂದು ಭಕ್ಷ್ಯವಾಯಿತು.

ಹಾಗೆ ಹೊರಬಂದವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 15ನೆಯ ಶತಮಾನದ ಫ್ರಾನ್ಸ್ ದೇಶದ ‘ಪಾತೆಲಾಂ’ ಎಂಬ ವಕೀಲನ ಪ್ರಹಸನ. ಬಟ್ಟೆಯ ವ್ಯಾಪಾರಿಗೆ ಟೋಪಿ ಹಾಕಿ ಬಟ್ಟೆಯನ್ನು ಹೊತ್ತುತಂದ ಚತುರನೀತ. ಅದೇ ವ್ಯಾಪಾರಿಯ ಕುರಿಗಳನ್ನು ಕದ್ದು ತಿಂದ ಕುರುಬನೊಬ್ಬನು ತನ್ನ ಪರವಾಗಿ ವಾದಿಸಬೇಕೆಂದು ಇವನ ಬಳಿಗೆ ಬರುವನು. ನ್ಯಾಯಾಧಿಪತಿ ಏನು ಕೇಳಿದರೂ ‘ಬ್ಯಾ’ ಎಂದು ಕುರಿಯಂತೆ ಅರಚು ಎಂಬುದೇ ವಕೀಲನ ಉಪದೇಶ. ಕುರುಬ ಹಾಗೆಯೇ ಮಾಡಿ ಬುದ್ಧಿಯಿಲ್ಲದವನೆಂದು ಬಿಡುಗಡೆಯನ್ನು ಪಡೆಯುತ್ತಾನೆ. ಹೊರಗೆ ಬಂದು ವಕೀಲನು ತನ್ನ ಫೀಜನ್ನು ಕೇಳಿದಾಗ ಕುರುಬನ ಉತ್ತರವೂ ‘ಬ್ಯಾ’ ಎಂಬುದೇ. ಅಂದಿನ ನ್ಯಾಯಸ್ಥಾನಗಳ ಮೇಲೆ ಬರೆದ ಯಾವ ಗಂಭೀರವಾದ ಗ್ರಂಥವೂ ಆ ಒಂದು ‘ಬ್ಯಾ’ ಹೇಳಿದಷ್ಟನ್ನು ಹೇಳಿರಲಾರದು. ಅದರಲ್ಲಿ ನಗೆಗೀಡಾದುದು ನ್ಯಾಯವಲ್ಲ, ನ್ಯಾಯದ ಸೋಗು ಎಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಮಗೆ ಇದು ಬೇಕಾಗುತ್ತದೆ.

ಇನ್ನು ನಮ್ಮ ‘ಪ್ರಹಸನ’. ಇದಕ್ಕೆ ತುಂಬುವುದರ ಸಂಬಂಧವೇನೂ ಇಲ್ಲ. ‘ಹಸ್’ ಎಂದರೆ ನಗು; ‘ಪ್ರ’ ಎಂಬ ಉಪಸರ್ಗ ಸೇರಿದಾಗ ಎದೆದುಂಬಿ ನಕ್ಕ ನಗು. ಭರತನ ನಾಟ್ಯಶಾಸ್ತ್ರದಲ್ಲಿ ಹೇಳಿದ ಹತ್ತು ಬಗೆಯ ರೂಪಕಗಳಲ್ಲಿ ಇದೂ ಒಂದು. ಶುದ್ಧವೆಂದೂ ಸಂಕೀರ್ಣವೆಂದೂ ಅದರಲ್ಲಿ ಎರಡು ಭೇದಗಳು. ಕಪಟ ಸನ್ಯಾಸಿಗಳು, ವೇಷಧಾರಿಗಳಾದ ಪಂಡಿತರು, ಧೂರ್ತರು ಇದರ ಪಾತ್ರಗಳು. ನಾಟಕ, ಪ್ರಕರಣಗಳ ಪಂಕ್ತಿಯಲ್ಲಿಯೇ ಶಾಸ್ತ್ರಕಾರರು ಇದಕ್ಕೂ ಎಲೆ ಹಾಕಿದರು, ಹಿತ್ತಲಿನಲ್ಲಿ ಕೂರಿಸಲಿಲ್ಲ.

7ನೆಯ ಶತಮಾನದಲ್ಲಿ ಕಂಚಿಯನ್ನಾಳಿದ ಪಲ್ಲವರ ಮಹೇಂದ್ರವರ್ಮನು, ನಮ್ಮ ಇಮ್ಮಡಿ ಪುಲಕೇಶಿಯೊಡನೆ ಯುದ್ಧ ಮಾಡಿದ ಆ ಅರಸನೇ, ‘ಮತ್ತವಿಲಾಸ’ವೆಂಬ ಪ್ರಹಸನವನ್ನು ಬರೆದನು. ಕಾಪಾಲಿಕನೊಬ್ಬನ ಭಿಕ್ಷಾಪಾತ್ರೆ ಕಳೆದುಹೋಗುತ್ತದೆ. ಬೌದ್ಧ ಭಿಕ್ಷುವೇ ಕದ್ದನೆಂದು ಅವನ ವಾದ. ಪಾಶುಪತನೊಬ್ಬ ಪಂಚಾಯಿತಿಗೆ ನಿಲ್ಲುತ್ತಾನೆ. ಶಾಸ್ತ್ರಾರ್ಥದ ಮಾತುಗಳೆಲ್ಲ ಮುಗಿದರೂ ಪಾತ್ರೆ ಸಿಕ್ಕದು. ಕೊನೆಗೆ ಹುಚ್ಚನೊಬ್ಬನು ಅದನ್ನು ನಾಯಿಯ ಬಾಯಿಂದ ಬಿಡಿಸಿ ತಂದವನಾಗಿ ಬರುವನು. ರಾಜಸಿಂಹಾಸನದಲ್ಲಿ ಕುಳಿತವನು ತನ್ನ ರಾಜಧಾನಿಯ ಧರ್ಮಧ್ವಜಿಗಳನ್ನು ಕುರಿತು ನಗಬಲ್ಲವನಾಗಿದ್ದನು. ಅದನ್ನು ಬರೆದು ತನ್ನ ಹೆಸರನ್ನೂ ಹಾಕಿಕೊಂಡನು. ಅಂಥ ರಚನೆಗೆ ಬಳಸಿದ ಪದವನ್ನು ನಾವು ಈಗ ಕಳ್ಳ ವಿಚಾರಣೆಗೂ ಸುಳ್ಳು ಸಭೆಗೂ ಬಳಸುತ್ತಿದ್ದೇವೆ.

ನಮ್ಮ ಸೀಮೆಯ ಜನರಿಗೆ ಈ ಹೂರಣದ ತತ್ತ್ವವು ಪುಸ್ತಕದಿಂದ ತಿಳಿಯಬೇಕಾದುದೇನೂ ಅಲ್ಲ. ಮಂಡ್ಯ ಜಿಲ್ಲೆಯ ನಾಗಮಂಗಲದ ಸುತ್ತಿನ ಊರುಗಳು ತೊಗಲುಗೊಂಬೆಯಾಟಕ್ಕೆ ಹೆಸರಾದುವು. ರಾಮಾಯಣದ ಪ್ರಸಂಗವೋ ಭಾರತದ ಪ್ರಸಂಗವೋ ದೀಪದ ಮುಂದಣ ಪರದೆಯ ಮೇಲೆ ರಾತ್ರಿಯಲ್ಲಿ ಸಾಗುತ್ತಿರುವಾಗ ನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ನುಗ್ಗಿಬರುವರು. ರಾವಣನ ಆಸ್ಥಾನಕ್ಕೂ ಈ ದಂಪತಿಗಳಿಗೂ ಸಂಬಂಧವೇನು ಎಂದು ಯಾರೂ ಕೇಳುವುದಿಲ್ಲ. ಸೀತೆಯ ಶೋಕದಲ್ಲಿ ಕಣ್ಣೊರಸಿಕೊಂಡವರೇ ಬಂಗಾರಕ್ಕನು ಗಂಡನಿಗೆ ಕೊಡುವ ಏಟಿಗೆ ಬಿದ್ದುಬಿದ್ದು ನಗುವರು. ಊರಿನಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತುಗಳು ಆ ಗೊಂಬೆಗಳ ಬಾಯಿಂದ ಬರುವುವು. ಮೂಡಲಪಾಯದ ಬಯಲಾಟದಲ್ಲಿಯೂ ಕೋಡಂಗಿಗೆ ಹೀಗೆಯೇ ಸ್ಥಾನವುಂಟು. ಅನಂತರ ಬಂದ ನಾಟಕ ಕಂಪನಿಗಳೂ ಈ ಮರ್ಮವನ್ನರಿತಿದ್ದುವು. ಗುಬ್ಬಿ ವೀರಣ್ಣನವರು (1891–1972) ಕನ್ನಡ ನಾಡಿನ ಮೂಲೆಮೂಲೆಗೂ ಪರಿಚಿತರಾದುದು ರಾಜಪಾತ್ರಗಳಿಂದಲ್ಲ, ‘ಸದಾರಮೆ’ಯ ಕಳ್ಳನಂಥ ಹಾಸ್ಯಪಾತ್ರಗಳಿಂದ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳ್ಳಿಗಳಲ್ಲಿ ಕುರುಕ್ಷೇತ್ರದಂಥ ಪೌರಾಣಿಕ ನಾಟಕಗಳು ಇಂದಿಗೂ ನಡೆಯುತ್ತವೆ. ದುರ್ಯೋಧನನ ಪಾತ್ರವನ್ನು ವಹಿಸುವ ರೈತನು ಅದಕ್ಕಾಗಿ ಕೈಯಿಂದ ಹಣ ಕೊಡುವುದುಂಟು. ಸೀನರಿಗಳು ಬಾಡಿಗೆಗೆ ಬರುತ್ತವೆ, ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಪಾಠ ಹೇಳುತ್ತಾರೆ. ದ್ರೌಪದಿ, ರುಕ್ಮಿಣಿ, ಉತ್ತರೆಯರ ಪಾತ್ರಕ್ಕೆ ಮಾತ್ರ ಹೊರಗಿನಿಂದ ಸಂಭಾವನೆ ಕೊಟ್ಟು ವೃತ್ತಿನಟಿಯರನ್ನು ಕರೆತರುವರು. ಮಳವಳ್ಳಿ ಸುಂದರಮ್ಮನವರಂಥ ಹೆಸರಾಂತ ರಂಗನಟಿಯ ಹೆಸರಿನೊಂದಿಗೆ ಬೆಸೆದುಕೊಂಡ ತಾಲ್ಲೂಕಿನಲ್ಲಿಯೂ ಊರಿನ ಹೆಣ್ಣುಮಗಳು ಊರಿನ ರಂಗವನ್ನೇರುವುದು ಅಪರೂಪವೇ. ಏರಿದವಳು ನಗಿಸುವ ಪಾತ್ರವನ್ನು ವಹಿಸುವುದಂತೂ ಇನ್ನೂ ಅಪರೂಪ. ಹೆಣ್ಣು ಅಳಬಹುದು, ಹಾಡಬಹುದು, ಸೆರಗೊಡ್ಡಿ ಬೇಡಬಹುದು. ಬಂಗಾರಕ್ಕನಂತೆ ಮಾತಾಡುವ ಅಧಿಕಾರ ತೊಗಲಿನ ಗೊಂಬೆಗೆ ಮಾತ್ರ.

ಈಗ ಎರಡನೆಯ ಅರ್ಥಕ್ಕೆ ಬರೋಣ. ಮುಂಚಿತವಾಗಿಯೇ ತೀರ್ಪನ್ನು ಬರೆದಿಟ್ಟುಕೊಂಡು ಸಾಕ್ಷಿಗಳನ್ನು ಕರೆಯುವ ವಿಚಾರಣೆಯನ್ನು ಪ್ರಹಸನವೆಂದು ಕರೆಯುವುದು ಯುಕ್ತವೇ? ಪ್ರಹಸನವು ಸೋಗನ್ನು ಹಿಡಿದು ದೀಪದ ಮುಂದೆ ನಿಲ್ಲಿಸತಕ್ಕುದು. ಆ ವಿಚಾರಣೆಯಾದರೋ ತಾನೇ ಸೋಗು. ದೀಪವನ್ನು ಕಂಡರೆ ಓಡತಕ್ಕುದು. ಪಾತೆಲಾಂ ವಕೀಲನ ನಾಟಕ ಪ್ರಹಸನ. ಪಾತೆಲಾಂ ವಕೀಲನ ವೃತ್ತಿ ಪ್ರಹಸನವಲ್ಲ. ಕಳ್ಳನಿಗೂ ಕಳ್ಳನನ್ನು ಹಿಡಿದವನಿಗೂ ಒಂದೇ ಹೆಸರಿಟ್ಟರೆ ಯಾರನ್ನು ಸೆರೆಗೆ ಕಳುಹಿಸತಕ್ಕದ್ದು? ಎರಡನೆಯದಾಗಿ, ಆ ಪದದಲ್ಲಿ ನಗೆಯ ವಾಸನೆ ಇರುವುದರಿಂದ ಅನ್ಯಾಯವನ್ನು ಪ್ರಹಸನವೆಂದು ಕರೆದೊಡನೆ ಕೇಳಿದವನು ಒಮ್ಮೆ ತುಟಿಯನ್ನು ಅರಳಿಸಿ ಪುಟವನ್ನು ಮಗುಚಿಬಿಡುವನು. ಮೋಸವನ್ನು ಮೋಸವೆಂದು ಕರೆದಿದ್ದರೆ ಅವನು ಅಷ್ಟು ಸುಲಭವಾಗಿ ಮಗುಚುತ್ತಿರಲಿಲ್ಲ.

ಕನ್ನಡಕ್ಕೆ ಪದಗಳ ಬಡತನವಿಲ್ಲ. ಸೋಗು, ತೋರಿಕೆ, ಬೂಟಾಟಿಕೆ, ಕಣ್ಣೊರಸುವ ಆಟ, ಕಪಟ ಎಂಬ ಮಾತುಗಳು ನಮ್ಮ ಅಜ್ಜಿಯರ ನಾಲಿಗೆಯ ಮೇಲೆಯೇ ಇದ್ದುವು. ‘ತನಿಖೆಯ ಸೋಗು’ ಎಂದರೆ ಅರ್ಥವಾಗದ ಕನ್ನಡಿಗನಿಲ್ಲ. ‘ದೊಂಬರಾಟ’ ಎಂಬುದನ್ನೂ ಕೆಲವರು ಈ ಅರ್ಥದಲ್ಲಿ ಪ್ರಯೋಗಿಸುವುದುಂಟು. ಅದನ್ನು ಬಿಡುವುದೇ ಲೇಸು. ಗಳುವಿನ ತುದಿಯಲ್ಲಿ ಪ್ರಾಣವನ್ನು ಪಣವಾಗಿಟ್ಟು ಹೊಟ್ಟೆ ಹೊರೆಯುತ್ತಿದ್ದ ಜನರ ವಿದ್ಯೆಯಲ್ಲಿ ಸುಳ್ಳೆಂಬುದಕ್ಕೆ ಎಡೆಯೆಲ್ಲಿ? ಅಲ್ಲಿ ಕಾಲು ಜಾರಿದರೆ ಬೀಳುವುದು ನಿಜವಾಗಿಯೇ. ‘ನಾಟಕ ಆಡಬೇಡ’ ಎಂದು ಮಕ್ಕಳನ್ನು ಗದರಿಸುವುದೂ ಇದೇ ಸಾಲಿಗೆ ಸೇರಿದುದು. ಯಾವ ಕಸುಬಿನವರಿಗೆ ಸಮಾಜದಲ್ಲಿ ಮಣೆ ಹಾಕಲಿಲ್ಲವೋ ಅವರ ಕಸುಬಿನ ಹೆಸರೇ ಬೈಗುಳವಾದುದು ಆಶ್ಚರ್ಯವಲ್ಲ.

ಭಾಷೆಯು ಜನರ ಬಾಯಲ್ಲಿ ನಡೆದಂತೆ ನಡೆಯತಕ್ಕುದು, ಪಂಡಿತರ ಅಪ್ಪಣೆಯನ್ನು ಅದು ಕೇಳುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಸತ್ಯವಿದೆ. ಇಂಗ್ಲಿಷರಲ್ಲಿಯೂ 17ನೆಯ ಶತಮಾನದ ಕೊನೆಯ ಹೊತ್ತಿಗೇ ಬೈಗುಳದ ಅರ್ಥ ಬೆಳೆದುಬಂದಿತ್ತು. ಆದರೆ ಅವರಲ್ಲಿ ಬೈಗುಳದ ಜೊತೆಗೆ ನಾಟಕವೂ ಜೀವಂತವಾಗಿ ಉಳಿಯಿತು. ಒಂದು ಅರ್ಥ ಇನ್ನೊಂದನ್ನು ಕೊಲ್ಲಲಿಲ್ಲ. ನಮ್ಮಲ್ಲಿ ಪದವು ಪತ್ರಿಕೆಯಲ್ಲಿ ಬದುಕಿ ರಂಗದಲ್ಲಿ ಸಾಯುತ್ತಿರುವುದೇ ವ್ಯಸನಕ್ಕೆ ಕಾರಣ. ಪತ್ರಿಕೆಯವರನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ರಂಗದ ಮೇಲೆ ಅದನ್ನು ಬದುಕಿಸುವುದು ಸ್ವಲ್ಪಮಟ್ಟಿಗೆ ಕೈಯಲ್ಲಿರುವುದು.

ಹೆಣ್ಣುಮಕ್ಕಳಿಗೆ ಇದು ಏಕೆ ಮುಖ್ಯವೆಂಬುದನ್ನು ಹೇಳಿದೆವಷ್ಟೆ. ಅದಕ್ಕೆ ಆಧಾರವನ್ನು ಕೊಡಬೇಕು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ವಿದ್ವಾಂಸರು ಎಣಿಸುವ ಕೃತಿ ಯಾವುದು? 1887ರಲ್ಲಿ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಬರೆದ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’. ಉತ್ತರ ಕನ್ನಡದ ಹವ್ಯಕ ಸಮಾಜದಲ್ಲಿ ಆಗ ಇದ್ದ ಕನ್ಯಾವಿಕ್ರಯ, ಎಂದರೆ ಹಣವನ್ನು ಪಡೆದು ಹೆಣ್ಣುಮಗುವನ್ನು ಮದುವೆ ಮಾಡಿಕೊಡುವ ಪದ್ಧತಿ, ಅದರ ವಸ್ತು. ಗ್ರಂಥಕರ್ತರು ತಾವೂ ಆ ಸಮಾಜದವರೇ. ಮನೆಯ ಮಾತಿನಲ್ಲಿಯೇ ಮನೆಯವರನ್ನು ಕುರಿತು ಬರೆದರು. ಉಪದೇಶದ ಗ್ರಂಥವನ್ನು ಬರೆಯಬಹುದಾಗಿತ್ತು, ಕಣ್ಣೀರಿನ ಕಥೆಯನ್ನು ಬರೆಯಬಹುದಾಗಿತ್ತು. ಅವರು ಆರಿಸಿಕೊಂಡುದು ಪ್ರಹಸನವನ್ನು. ಹೆಸರಿನಲ್ಲಿಯೇ ಆ ಪದವನ್ನಿಟ್ಟರು. ಹುಡುಗಿಯನ್ನು ಮಾರತಕ್ಕವನಿಗೆ ಬೈಗುಳ ತಾಗದು, ಶಾಪವೂ ತಾಗದು. ಊರಿನವರು ತನ್ನನ್ನು ನೋಡಿ ನಕ್ಕರೆಂಬುದು ತಾಗುತ್ತದೆ.

ಇಲ್ಲಿಂದ ಮೈಸೂರು ಸೀಮೆಗೆ ಬಂದರೆ ಟಿ. ಪಿ. ಕೈಲಾಸಂ ಅವರು ಎದುರಾಗುವರು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಬಂದು, ಭೂಮಿಯನ್ನು ಅಗೆಯುವುದನ್ನು ಬಿಟ್ಟು ನಮ್ಮ ಮನೆಗಳ ಒಳಕೋಣೆಗಳನ್ನು ಅಗೆದವರು ಅವರು. ಉತ್ತರದಲ್ಲಿ ಹೆಣ್ಣಿಗೆ ಬೆಲೆ ಕಟ್ಟಿದ್ದರೆ ಇಲ್ಲಿ ಗಂಡಿಗೆ ಬೆಲೆ ಕಟ್ಟಿದ್ದರು. ಆ ವ್ಯಾಪಾರವನ್ನು ಕುರಿತ ಅವರ ನಾಟಕ ‘ತಾಳಿ ಕಟ್ಟೋಕ್ಕೂಲೀನೆ’. ತಾಳಿ ಕಟ್ಟುವುದಕ್ಕೂ ಕೂಲಿಯೇ ಎಂಬ ಒಂದು ಪ್ರಶ್ನೆಯಲ್ಲಿ ವರದಕ್ಷಿಣೆಯ ಮೇಲಣ ನೂರು ಭಾಷಣಗಳು ಅಡಗಿವೆ. ಮಗನ ವಿದ್ಯೆಗೆ ಇಷ್ಟು, ಉದ್ಯೋಗಕ್ಕೆ ಇಷ್ಟು ಎಂದು ಲೆಕ್ಕ ಹಾಕುವ ತಂದೆಯನ್ನು ಕೂಲಿಕಾರರ ಸಾಲಿನಲ್ಲಿ ನಿಲ್ಲಿಸಿದ ಮೇಲೆ ಅವನಿಗೆ ಮಾನವೆಂಬುದೆಲ್ಲಿ ಉಳಿಯಿತು? ಕೂಲಿಕಾರನಾದರೂ ಕೆಲಸ ಮಾಡಿ ಕೂಲಿ ಪಡೆಯುವನು. ಕೈಲಾಸಂ ಅವರು 1946ರಲ್ಲಿ ತೀರಿಕೊಂಡರು. ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆ ಬಂದುದು 1961ರಲ್ಲಿ. ಕಾಯಿದೆಗಿಂತ ನಗೆಯು ಮುಂದೆ ಹೋಗಿದ್ದಿತು. ಕಾಯಿದೆ ಬಂದಮೇಲೆಯೂ ನಗೆಗೆ ಕೆಲಸ ತಪ್ಪಲಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ.

ಮಂಡ್ಯ ಜಿಲ್ಲೆಯವರೇ ಆದ ಇನ್ನೊಬ್ಬ ಮಹನೀಯರನ್ನು ಇಲ್ಲಿ ನೆನೆಯದಿರಲಾಗದು. ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ಮೋಲಿಯೇರನ ‘ತಾರ್ತ್ಯೂಫ್’ ನಾಟಕವನ್ನು ‘ಆಷಾಢಭೂತಿ’ಯೆಂದು ಕನ್ನಡಕ್ಕೆ ಒಗ್ಗಿಸಿದರು. ಭಕ್ತಿಯ ವೇಷದಿಂದ ಮನೆಯೊಳಹೊಕ್ಕು ಮನೆಯನ್ನೇ ನುಂಗಹೊರಟವನ ಕಥೆ ಅದು. ಫ್ರಾನ್ಸಿನಲ್ಲಿ 1664ರಲ್ಲಿ ಮೊದಲ ಪ್ರದರ್ಶನವಾದೊಡನೆ ಅದನ್ನು ನಿಷೇಧಿಸಿದರು. ಬಹಿರಂಗವಾಗಿ ಆಡಲು ಅಪ್ಪಣೆ ಸಿಕ್ಕಿದುದು 1669ರಲ್ಲಿ. ಶುದ್ಧ ಪ್ರಹಸನವೆಂದು ಅದನ್ನು ಕರೆಯಲು ವಿಮರ್ಶಕರು ಒಪ್ಪಲಾರರು, ಅದರ ಮೇಲ್ಮಟ್ಟ ಬೇರೆ. ಆದರೆ ಮೋಲಿಯೇರನು ಪಳಗಿದುದು ಪ್ರಹಸನದ ಗರಡಿಯಲ್ಲಿಯೇ. ಮೇಜಿನ ಕೆಳಗೆ ಯಜಮಾನನನ್ನು ಅಡಗಿಸಿ ಕಪಟಿಯ ಮಾತನ್ನು ಅವನಿಗೆ ಕೇಳಿಸುವ ಯುಕ್ತಿ ಆ ಗರಡಿಯ ಪಟ್ಟೇ. ಆ ಯುಕ್ತಿಯನ್ನು ಹೂಡುವವಳು ಮನೆಯೊಡತಿ. ಕಪಟವನ್ನು ಮೊದಲು ಕಂಡುಹಿಡಿದು ಬಾಯಿಬಿಟ್ಟು ಆಡುವವಳು ಮನೆಗೆಲಸದ ಹುಡುಗಿ. ಯಜಮಾನನು ಮೋಸಹೋಗುತ್ತಿರುವ ಮನೆಯಲ್ಲಿ ಈ ಇಬ್ಬರು ಹೆಂಗಸರ ಕಣ್ಣು ತೆರೆದೇ ಇರುತ್ತದೆ.

ಈ ಮೇಲಿನವೆಲ್ಲ ಹಳೆಯ ಮಾತುಗಳೆಂದು ತೋರಿದರೆ, ಮೊನ್ನೆ ಮೊನ್ನೆಯ ಮಾತನ್ನು ಹೇಳೋಣ. 2023ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಮದ್ದೂರು ತಾಲ್ಲೂಕಿನ ಕೆ. ಎಂ. ದೊಡ್ಡಿಯಿಂದ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಅವಿವಾಹಿತ ತರುಣರ ಗುಂಪೊಂದು ಕಾಲುನಡಿಗೆಯಲ್ಲಿ ಹೊರಟಿತು. ದೂರ ಸುಮಾರು 100 ಕಿಲೋಮೀಟರು. ಬೇಸಾಯಗಾರರಾದ ತಮಗೆ ಹೆಣ್ಣು ಕೊಡುವವರಿಲ್ಲ, ವಯಸ್ಸು ಮೂವತ್ತು ಮೀರುತ್ತಿದೆ, ಮಾದಪ್ಪನಾದರೂ ಕಣ್ಣು ಬಿಡಬೇಕು ಎಂಬುದು ಅವರ ಹರಕೆ. ಬ್ರಹ್ಮಚಾರಿಗಳ ಪಾದಯಾತ್ರೆಯೆಂದು ಅದಕ್ಕೆ ಹೆಸರಾಯಿತು. ದೇಶದಲ್ಲೆಲ್ಲ ಪತ್ರಿಕೆಗಳು ಅದನ್ನು ಬರೆದುವು, ಓದಿದವರೆಲ್ಲ ನಕ್ಕರು. ಪ್ರಹಸನವೆಂದು ಕೆಲವರು ಅಂದರು. ಅವರು ಅಂದುದು ಬೈಗುಳದ ಅರ್ಥದಲ್ಲಿ. ಆದುದರಿಂದ ನಕ್ಕು ಸುಮ್ಮನಾದರು.

ಮಹೇಂದ್ರವರ್ಮನ ಅರ್ಥದಲ್ಲಿ, ಇಗ್ಗಪ್ಪ ಹೆಗ್ಗಡೆಯ ಅರ್ಥದಲ್ಲಿ ಅದನ್ನು ಪ್ರಹಸನವೆಂದು ನೋಡಿದ್ದರೆ ನಗು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಹೆಣ್ಣುಗಳೆಲ್ಲಿ ಹೋದುವು ಎಂಬ ಪ್ರಶ್ನೆ ನಗುವಿನ ಬೆನ್ನಿಗೇ ಏಳುತ್ತಿದ್ದಿತು. ಓದಿದ ಹುಡುಗಿಯು ಹೊಲಗೆಲಸದ ಮನೆಗೆ ಸೊಸೆಯಾಗಿ ಬರಲು ಹಿಂದೆಗೆಯುವಳೆಂಬುದು ಒಂದು ಉತ್ತರ. ಅದರಲ್ಲಿ ಹುರುಳಿದೆ; ಅತ್ತೆಯ ಮನೆಯಲ್ಲಿ ಆಕೆಯ ದುಡಿಮೆಗೆ ಲೆಕ್ಕವಿಲ್ಲ, ಹೊಲದ ಪತ್ರದಲ್ಲಿ ಆಕೆಯ ಹೆಸರಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಆದರೆ ಇನ್ನೊಂದು ಉತ್ತರವೂ ಉಂಟು. ಅದೇ ವರ್ಷದ ನವೆಂಬರಿನಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಬಸುರಿಯರ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದ ಜಾಲವೊಂದು ಪೊಲೀಸರಿಗೆ ಸಿಕ್ಕಿಬಿದ್ದಿತು. ಭ್ರೂಣಲಿಂಗವನ್ನು ಪತ್ತೆ ಮಾಡಕೂಡದೆಂಬ ಕಾಯಿದೆ 1994ರದು. ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲವೆಂಬ ಬೋರ್ಡು ಸ್ಕ್ಯಾನಿಂಗ್ ಮಾಡುವ ಕಡೆಗಳಲ್ಲೆಲ್ಲ ತೂಗುತ್ತಿರುತ್ತದೆ. ಬೋರ್ಡು ಪೇಟೆಯಲ್ಲಿ, ಯಂತ್ರ ಕಬ್ಬಿನ ಗದ್ದೆಯ ನಡುವೆ. ಬೆಲ್ಲ ಬೇಯತಕ್ಕ ಮನೆಯಲ್ಲಿ ಅವರು ಬೇಯಿಸುತ್ತಿದ್ದುದು ಏನನ್ನು?

ಫೆಬ್ರವರಿಯ ಸುದ್ದಿಯನ್ನು ಓದಿ ನಕ್ಕವರಲ್ಲಿ ಎಷ್ಟು ಮಂದಿ ನವೆಂಬರಿನ ಸುದ್ದಿಯನ್ನು ಅದರ ಪಕ್ಕದಲ್ಲಿಟ್ಟು ಓದಿದರು? ಮೊಮ್ಮಗಳು ಬೇಡವೆಂದು ಹರಕೆ ಹೊತ್ತವರ ಮನೆಯಲ್ಲಿ ಇಪ್ಪತ್ತೈದು ವರ್ಷಗಳ ಅನಂತರ ಮೊಮ್ಮಗನಿಗೆ ಹೆಣ್ಣು ಸಿಕ್ಕಲೆಂದು ಅದೇ ದೇವರಿಗೆ ಹರಕೆ ಹೊರುವುದು, ಇದಕ್ಕಿಂತ ಹೆಚ್ಚಿನ ಪ್ರಹಸನವಸ್ತುವನ್ನು ಕೈಲಾಸಂ ಅವರೂ ಕಲ್ಪಿಸಿರಲಾರರು. ಅದನ್ನು ಬರೆದವರು ಯಾರೂ ಕಾಣೆವು. ಆಡಿದವರೂ ಕಾಣೆವು. ಪಾದಯಾತ್ರೆಗೆ ಹೋದ ಬಡ ತರುಣರನ್ನು ಅಣಕಿಸುವುದು ನಮ್ಮ ಉದ್ದೇಶವಲ್ಲವೆಂದು ಬೇರೆಯಾಗಿ ಹೇಳಬೇಕಾದುದಿಲ್ಲ. ಒಳ್ಳೆಯ ಪ್ರಹಸನದಲ್ಲಿ ನಗೆಗೀಡಾಗತಕ್ಕವರು ಅವರಲ್ಲ. ತೆರೆಯ ಹಿಂದೆ ಲೆಕ್ಕ ಹಾಕುತ್ತ ಕುಳಿತ ಹಿರಿಯರು.

ಇಂಥ ವಸ್ತುವನ್ನು ಆಡಲು ನಮ್ಮ ಬಾಲಿಕಾ ಪ್ರೌಢಶಾಲೆಗಳಿಗಿಂತ ಯೋಗ್ಯವಾದ ಸ್ಥಳ ಇನ್ನಾವುದು? ಆದರೆ ವಾರ್ಷಿಕೋತ್ಸವದ ಕಾರ್ಯಕ್ರಮವನ್ನು ಗೊತ್ತುಮಾಡುವ ಕಾಲ ಬಂದಾಗ ಹೆಣ್ಣುಮಕ್ಕಳ ಪಾಲಿಗೆ ಬರುವುದು ನೃತ್ಯ, ಕೋಲಾಟ, ಶಕುಂತಲೆಯ ಬೀಳ್ಕೊಡುಗೆ, ಇಲ್ಲವೇ ದುಃಖಾಂತವಾದೊಂದು ರೂಪಕ. ಹಾಸ್ಯವೆಂದರೆ ಹುಡುಗರ ಶಾಲೆಗೆ ಬಿಟ್ಟದ್ದು ಎಂಬ ಭಾವನೆ. ಇದರ ಬೇರು ನಮ್ಮ ಒಂದು ಗಾದೆಯಲ್ಲಿದೆ. ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದೆಂದು ಹಿರಿಯರು ಹೇಳುತ್ತ ಬಂದರು. ಹೆಣ್ಣು ನಕ್ಕರೆ ಗಂಡಸಿಗೆ ಭಯವೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅಳುವವಳು ತನ್ನ ಪಾಡನ್ನು ಒಪ್ಪಿಕೊಂಡವಳು; ನಗುವವಳು ಅಳತೆ ಹಾಕುತ್ತಿರುವವಳು. ಹೆಣ್ಣು ನೋಡಲು ಬಂದವರ ಮುಂದೆ ತಟ್ಟೆ ಹಿಡಿದು ತಲೆ ತಗ್ಗಿಸಿ ಬರುವ ಹುಡುಗಿಗೆ ಆ ಹೊತ್ತಿನಲ್ಲಿ ಒಳಗೊಳಗೇ ನಗು ಬಂದರೆ, ಆ ಮದುವೆಯ ಮಾತುಕತೆಯಲ್ಲಿ ಆಕೆಯೂ ಒಬ್ಬ ಪಕ್ಷಗಾರಳಾದಳು.

ಹೆಣ್ಣುಮಕ್ಕಳು ಪ್ರಹಸನವಾಡಿದರೆ ನಡತೆ ಸಡಿಲವಾಗುವುದು, ಮಾತು ಒರಟಾಗುವುದು ಎಂದು ಕೆಲವು ಪೋಷಕರು ಅಂಜುವುದುಂಟು. ಅಶ್ಲೀಲವಾದ ಹಾಸ್ಯವುಂಟು, ನಿಜ. ಕುಂಟರನ್ನೂ ಕಿವುಡರನ್ನೂ ತೊದಲರನ್ನೂ ಕಾಡಿ ನಗಿಸುವ ನೀಚ ಹಾಸ್ಯವೂ ಉಂಟು. ಅದನ್ನು ಹೊರಗಿಡುವುದು ಉಪಾಧ್ಯಾಯಿನಿಯರ ಕೆಲಸ. ಅದಕ್ಕಾಗಿ ಹಾಸ್ಯವನ್ನೇ ಹೊರಗಿಡುವುದು ಜರಡಿಯ ಜೊತೆಗೆ ಅಕ್ಕಿಯನ್ನೂ ಎಸೆದಂತೆ. ಪ್ರಹಸನಕ್ಕೆ ಬೇಕಾಗುವ ಶಿಸ್ತಾದರೂ ಸಾಮಾನ್ಯವಾದುದಲ್ಲ. ಶೋಕದ ದೃಶ್ಯದಲ್ಲಿ ಒಂದು ಮಾತು ತಡವಾದರೆ ಗದ್ಗದವೆಂದು ಸಭಿಕರು ಒಪ್ಪಿಕೊಳ್ಳುವರು. ಪ್ರಹಸನದಲ್ಲಿ ಒಂದು ಕ್ಷಣ ತಡವಾದರೆ ನಗುವೇ ಬಾರದು. ತಾನು ನಗದೆ ನಗಿಸುವುದನ್ನು ಕಲಿತ ಹುಡುಗಿಯು ಸಭೆಯ ಮುಂದೆ ನಿಂತು ಮಾತಾಡಲು ಮುಂದೆ ಎಂದೂ ಹೆದರಲಾರಳು.

ಇನ್ನೊಂದು ಸ್ವಾರಸ್ಯವನ್ನೂ ಹೇಳಿಬಿಡಬೇಕು. ಹಿಂದೆ ಕಂಪನಿ ನಾಟಕಗಳಲ್ಲಿ ಬಹುಕಾಲ ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದರು. ಬಾಲಿಕಾ ಶಾಲೆಯಲ್ಲಿ ಅದು ತಿರುವುಮುರುವಾಗಬೇಕು. ವರದಕ್ಷಿಣೆಯ ಲೆಕ್ಕ ಹಾಕುವ ಬೀಗರಾಯನ ಪಾತ್ರವನ್ನು ಹದಿನೈದು ವರ್ಷದ ಹುಡುಗಿಯೇ ಮೀಸೆ ಬಳಿದುಕೊಂಡು ವಹಿಸಬೇಕು. ಅವನ ಕೆಮ್ಮನ್ನೂ ಗತ್ತನ್ನೂ ಕನ್ನಡಕದ ಮೇಲಿಂದ ನೋಡುವ ನೋಟವನ್ನೂ ಆಕೆ ಅಭ್ಯಾಸ ಮಾಡಬೇಕು. ಅಂಥವನೊಬ್ಬನನ್ನು ತಾನೇ ಆಡಿ ನೋಡಿದವಳು ಮುಂದೆ ಅವನ ಇದಿರು ಕುಳಿತಾಗ ಬೆದರುವಳೆಂದು ನಮಗೆ ತೋರುವುದಿಲ್ಲ.

ಕೈಲಾಸಂ ಅವರ ಪಾತ್ರಗಳು ಬೆಂಗಳೂರು ಮೈಸೂರುಗಳ ಓದುಬಲ್ಲವರ ಇಂಗ್ಲಿಷ್ ಬೆರೆತ ಮಾತನ್ನಾಡುವುವು. ಮಳವಳ್ಳಿಯ ಕಡೆಯ ನಮ್ಮ ಹುಡುಗಿಯರ ನಾಲಿಗೆಗೆ ಅದು ತೊಡಕಾಗುವುದು ಸಹಜ. ಆದುದರಿಂದ ಅವರ ನಾಟಕಗಳನ್ನು ಓದಿ ರುಚಿ ಹಿಡಿದ ಮೇಲೆ, ಹತ್ತನೆಯ ತರಗತಿಯವರು ಕೂಡಿ ತಮ್ಮ ಊರಿನ ಮಾತಿನಲ್ಲಿ ಚಿಕ್ಕದೊಂದು ಪ್ರಹಸನವನ್ನು ತಾವೇ ಬರೆಯಬಾರದೇಕೆ? ವಸ್ತುವಿಗೆ ಅಲೆಯಬೇಕಾಗಿಲ್ಲವೆಂಬುದನ್ನು ಮೇಲೆ ಹೇಳಿದ್ದೇವೆ. ಮದ್ದೂರಿನವರ ಮನೆಗಳಲ್ಲಿ ಹಿರಿಯರು ಆಡುವ ಮಾತನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರೆ ಅರ್ಧ ನಾಟಕ ಮುಗಿಯಿತು. ಸೀನರಿ ಬೇಡ, ಹಾರ್ಮೋನಿಯಂ ಬೇಡ. ಎರಡು ಕುರ್ಚಿ, ಒಂದು ಜಮಖಾನ, ಒಂದು ಪಂಚೆ, ಮೇಲುಹೊದೆಯಲು ಒಂದು ಶಲ್ಯ, ಮೀಸೆಗೆ ಸ್ವಲ್ಪ ಕಾಡಿಗೆ ಇದ್ದರೆ ಸಾಕು. ಕಾರ್ಯಕ್ರಮದ ಪಟ್ಟಿಯಲ್ಲಿ ಅದರ ಎದುರಿಗೆ ‘ಪ್ರಹಸನ’ ಎಂದು ಸ್ಪಷ್ಟವಾದ ಅಕ್ಷರಗಳಲ್ಲಿ ಅಚ್ಚು ಹಾಕಿಸತಕ್ಕದ್ದು.